ಬೋಟಿನ ತಳಕ್ಕೆ ಮೆತ್ತನೆ ರಬ್ಬರ್ ಅಂಟಿಸಿದರೆ ಡೀಸೆಲ್ ಉಳಿಯುತ್ತಾ?

ಬೈತಖೋಲ ಬೋಟು: ನಮ್ಮದು 32 ಅಡಿಯ ಫೈಬರ್ ಬೋಟು, ಓಟ 7-8 ನಾಟ್. ಜೂನ್-ಜುಲೈ ರಜೆಗೆ ದಡಕ್ಕೆ ಎಳೆದು ಹಾಕಿದ್ದೇವೆ. ಇಂಜಿನಿಯರಿಂಗ್ ಓದುವ ಸೋದರಳಿಯ ಬಂದವನು, ಡಾಲ್ಫಿನ್ ಚರ್ಮ ಮೆತ್ತಗಿದೆ, ಅದಕ್ಕೇ ಅಷ್ಟು ಜೋರಾಗಿ ಈಜುತ್ತದೆ, ತಳಕ್ಕೆ ಅಂಥದ್ದೇ ರಬ್ಬರ್ ಶೀಟ್ ಹಾಕಿದರೆ ನೀರಿನ ಎಳೆತ ಅರ್ಧಕ್ಕರ್ಧ ಇಳಿಯುತ್ತದೆ ಅಂತಾನೆ. ದೇವಬಾಗದ ಎದುರು ಡಾಲ್ಫಿನ್ ನೋಡಿದವರು ನಾವು, ಸುಳ್ಳು ಅನ್ನಲೂ ಬಾಯಿ ಬರಲ್ಲ. ಹೌದಾ ಇದು?

ಶಿರಸಿ ಮೇಷ್ಟ್ರು: ಹುಡುಗ ಪೂರ್ತಿ ತಪ್ಪು ಹೇಳಿಲ್ಲ ಮಾರಾಯ್ರೆ. ಡಾಲ್ಫಿನ್ ಸ್ನಾಯುಬಲಕ್ಕೂ ಅದರ ವೇಗಕ್ಕೂ ಲೆಕ್ಕ ಕೂಡೋದಿಲ್ಲ ಅಂತ 1936ರಲ್ಲಿ ಪ್ರಾಣಿವಿಜ್ಞಾನಿ ಜೇಮ್ಸ್ ಗ್ರೇ ಬರೆದರು. ಆಮೇಲೆ ಮ್ಯಾಕ್ಸ್ ಕ್ರಾಮರ್ ಅನ್ನೋ ಇಂಜಿನಿಯರ್ ರಬ್ಬರ್ ಹೊದಿಕೆ ಮಾಡಿ ಎಳೆತ ಸುಮಾರು 60% ಇಳಿಯಿತು ಅಂದರು. ಬೇರೆಯವರು ಮಾಡಿ ನೋಡಿದಾಗ ಅಷ್ಟು ಸಿಗಲೇ ಇಲ್ಲ. ಡಾಲ್ಫಿನ್ನಿನ ಸ್ನಾಯುಬಲ ಗ್ರೇ ಎಣಿಸಿದ್ದಕ್ಕಿಂತ ಜಾಸ್ತಿ ಅಂತಲೂ ಗೊತ್ತಾಯಿತು.

ವಿಷಯ ಏನಂದ್ರೆ, ಮೆತ್ತನೆ ಮೈ ಮಾಡೋ ಮುಖ್ಯ ಕೆಲಸ, ನಯವಾಗಿ ಹರಿಯೋ ನೀರು ಕದಡದಂತೆ ಸ್ವಲ್ಪ ತಡೆಯೋದು. ನಿಮ್ಮ ಬೋಟಿನ ವೇಗಕ್ಕೆ ಮೂತಿಯಿಂದ ಒಂದು ಗೇಣು, ಬಿಡಿ ಒಂದು ಮೊಳ, ಅಷ್ಟರಲ್ಲೇ ನೀರು ಕದಡಿ ಸುಳಿಸುಳಿ ಆಗಿರುತ್ತದೆ. ಉಳಿದ ತಳವೆಲ್ಲ ಟರ್ಬುಲೆಂಟ್ ಹರಿವೇ. ಅಲ್ಲಿ ತಡೆಯೋಕೆ ಏನಿದೆ? ಸುಳಿಗಳ ಒತ್ತಡಕ್ಕೆ ಸರಿಯಾಗಿ ಮಣಿಯೋ ಹೊದಿಕೆ ಟರ್ಬುಲೆಂಟ್ ಹರಿವಿನಲ್ಲೂ ಎಳೆತ ಇಳಿಸಬಹುದು ಅಂತ 1997ರ ಒಂದು ಪ್ರಯೋಗ ತೋರಿಸಿದೆ, ಆದರೆ ಹೆಚ್ಚೆಂದರೆ 7%. ಅದೂ ಹದ ಸಿಕ್ಕರೆ. ರಬ್ಬರ್ ಗಟ್ಟಿಯಾದರೆ ಅಲುಗೋದೇ ಇಲ್ಲ. ತೀರಾ ಮೆತ್ತಗಾದರೆ ಬಿಸಿ ಹಾಲಿನ ಕೆನೆಗೆ ಊದಿದ ಹಾಗೆ ಸುಕ್ಕು ಏಳುತ್ತದೆ, ಆಗ ಎಳೆತ ಇನ್ನೂ ಜಾಸ್ತಿ.

ತದಡಿ ತಾಂಡೇಲ: ಸುಕ್ಕಿನ ಮಾತು ಆಮೇಲೆ, ತಳಕ್ಕೆ ಅಂಟಿ ಬೆಳೆಯೋ ಚಿಪ್ಪಿಗೆ ಏನು ಮಾಡ್ತೀರಿ? ನನ್ನ ಬೋಟಿನ ಬದಿಗೆ ಕಟ್ಟಿದ ಹಳೇ ಟೈರಿಗೇ ನೀರು ಮುಟ್ಟೋವಷ್ಟು ಜಾಗದಲ್ಲಿ ಬೆರಳು ಕುಯ್ಯೋ ಹಾಗೆ ಹಿಡಿದಿತ್ತು. ಫೈಬರ್ ಆದರೆ ಉಳಿ ಹಾಕಿ ಕೆರೆಯಬಹುದು, ಮೆತ್ತನೆ ಶೀಟ್ ಮೇಲೆ ಕೆರೆದರೆ ಚಿಪ್ಪಿ ಜೊತೆ ಶೀಟೂ ಬರುತ್ತದೆ. ಒಂದು ಮೂಲೆ ಬಿಟ್ಟುಕೊಂಡರೆ ಸಾಕು, ಪ್ರೊಪೆಲರ್‌ಗೆ ಸುತ್ತಿ ನಡುನೀರಲ್ಲಿ ನಿಲ್ಲಬೇಕು.

ಬೈತಖೋಲ ಬೋಟು: ಶೀಟ್ ಬೇಡ ಹಾಗಾದ್ರೆ. ಸಿಲಿಕೋನ್ ಪೇಂಟ್ ಅಂತ ಇದೆಯಲ್ಲ, ಅದೂ ಇದೇ ಕಥೆಯಾ?

ಶಿರಸಿ ಮೇಷ್ಟ್ರು: ಅಲ್ಲ, ಅದು ಸುಳಿಗೆ ಮಣಿಯೋದಕ್ಕಲ್ಲ, ಚಿಪ್ಪಿ ಗಟ್ಟಿಯಾಗಿ ಹಿಡಿಯದಿರಲಿ ಅಂತ. ಬೋಟು ಓಡುವಾಗ ನೀರಿನ ರಭಸಕ್ಕೆ ಕಳಚಿಕೊಳ್ಳುತ್ತದೆ. ದಿನಗಟ್ಟಲೆ ಬಂದರಿನಲ್ಲೇ ನಿಂತಿರೋ ಬೋಟಿಗೆ ಅಷ್ಟು ಲಾಭ ಇಲ್ಲ. ಡೀಸೆಲ್ ಉಳೀಬೇಕು ಅಂದ್ರೆ ಮೊದಲು ತಾಂಡೇಲರ ಉಳಿ.

ಬೈತಖೋಲ ಬೋಟು: ಉಳಿ ಅಳಿಯನ ಕೈಗೆ ಕೊಟ್ಟಾಯ್ತು. ಮಧ್ಯಾಹ್ನದಿಂದ ಡಾಲ್ಫಿನ್ ಸುದ್ದಿ ಇಲ್ಲ.