ಮಾಕ್ ಡ್ರಾಫ್ಟ್‌ನಲ್ಲಿ ಸಿಗುವ ಆರ್‌ಬಿ (ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್) ನಿಜವಾದ ಡ್ರಾಫ್ಟ್‌ನಲ್ಲಿ ಯಾಕೆ ಸಿಗಲ್ಲ? (11ನೇ ಪಿಕ್, ಅರ್ಜೆಂಟ್)

ಜರ್ಸಿಸಿಟಿ_ಜಯನಗರ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ನಮ್ಮ ಆಫೀಸಿನ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ನ (ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಕೊಂಡು, ಅವರ ಆಟಕ್ಕೆ ತಕ್ಕ ಹಾಗೆ ಪಾಯಿಂಟ್ ಪಡೆಯುವ ಆಟ) 2025ರ ಡ್ರಾಫ್ಟ್ ಈ ಭಾನುವಾರ, ನನಗೆ ಬಂದಿರೋದು 11ನೇ ಪಿಕ್. ಮಾಕ್ (ಅಭ್ಯಾಸದ ಡ್ರಾಫ್ಟ್) ಮಾಡಿದಾಗಲೆಲ್ಲ ಮೊದಲ ಸುತ್ತಿನಲ್ಲಿ ಒಳ್ಳೆ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ತೆಗೆದುಕೊಂಡರೂ ಎರಡನೇ ಸುತ್ತಿನಲ್ಲಿ ಡೆರಿಕ್ ಹೆನ್ರಿ ಅಥವಾ ಜೋನಾಥನ್ ಟೇಲರ್ ಆರಾಮಾಗಿ ಸಿಗುತ್ತಾನೆ. ಹೋದ ವರ್ಷವೂ ಹೀಗೇ ತಯಾರಿ ಮಾಡಿಕೊಂಡು ಹೋಗಿದ್ದೆ. ಆದರೆ ನಿಜವಾದ ಡ್ರಾಫ್ಟ್‌ನಲ್ಲಿ ನನ್ನ ಎರಡನೇ ಸರದಿ ಬರುವಷ್ಟರಲ್ಲಿ ಹೆಸರಿರುವ ಆರ್‌ಬಿಗಳೆಲ್ಲ ಖಾಲಿ! ಸೀಸನ್ ಪೂರ್ತಿ ವೇವರ್‌ನಲ್ಲಿ (ಯಾರೂ ತೆಗೆದುಕೊಳ್ಳದೆ ಉಳಿದವರ ಪಟ್ಟಿಯಲ್ಲಿ) ಹುಡುಕಿಕೊಂಡು ಕೂತಿದ್ದಾಯಿತು. ಯಾವ ಆರ್‌ಬಿಯನ್ನು ಯಾವಾಗ ತೆಗೆದುಕೊಳ್ಳಬೇಕು, ದಯವಿಟ್ಟು ಯಾರಾದರೂ ಸರಿಯಾಗಿ ಹೇಳಿ.

ಬೇಏರಿಯಾ_ಬಸವನಗುಡಿ:
ಫಿಲಡೆಲ್ಫಿಯಾದ ಆರ್‌ಬಿ ಬಾರ್ಕ್ಲಿ ಕೈಗೆ ಸಿಕ್ಕರೂ ಮುಟ್ಟಬೇಡಿ. 2024ರಲ್ಲಿ 345 ಸಲ ಓಡಿದ, ಪ್ಲೇಆಫ್‌ನಲ್ಲಿ ಇನ್ನೂ 91. ಒಟ್ಟು 436. ಇಷ್ಟು ಪೆಟ್ಟು ತಿಂದ ಮೈ ಮುಂದಿನ ವರ್ಷ ತಡೆಯೋದಿಲ್ಲ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಮೆಕ್ಯಾಫ್ರಿಯನ್ನೇ ನೋಡಿ. 2023ರಲ್ಲಿ ಸೂಪರ್ ಬೌಲ್‌ವರೆಗೂ ಅವನನ್ನು ದುಡಿಸಿದರು. 2024ರಲ್ಲಿ ಎಲ್ಲರೂ ಮೊದಲ ಪಿಕ್ ಅಂತ ತೆಗೆದುಕೊಂಡರು, ಆಡಿದ್ದು 4 ಪಂದ್ಯ.

ಫಿಲ್ಲಿ_ಫ್ಯಾನ್_ಶಿವಮೊಗ್ಗ:
ಮತ್ತೆ ಶುರುವಾಯ್ತಾ? 2,005 ಯಾರ್ಡ್ ಓಡಿದವನನ್ನು ಮುಟ್ಟಬೇಡಿ ಅನ್ನೋದಾ? ಅದೂ ಕೊನೆಯ ಪಂದ್ಯ ಆಡದೆ. ಆಡಿದ್ದರೆ ಡಿಕರ್ಸನ್‌ನ 1984ರ 2,105ರ ದಾಖಲೆಗೆ 101 ಯಾರ್ಡ್ ಸಾಕಾಗಿತ್ತು. ಅಷ್ಟಕ್ಕೂ 11ನೇ ಪಿಕ್‌ವರೆಗೆ ಅವನು ಬರೋದೇ ಇಲ್ಲ. ಇವರ ಪ್ರಶ್ನೆಗೂ ನಿಮ್ಮ ಉತ್ತರಕ್ಕೂ ಏನು ಸಂಬಂಧ?

ಬೇಏರಿಯಾ_ಬಸವನಗುಡಿ:
ಸಂಬಂಧ ಇದೆ. ಇದು ಎಲ್ಲ ಆರ್‌ಬಿಗಳಿಗೂ ಹೊಂದುವ ಲೆಕ್ಕ. ಹೆನ್ರಿ 2020ರಲ್ಲಿ 378 ಸಲ ಓಡಿದ, ಮುಂದಿನ ವರ್ಷ ಪಾದದ ಮೂಳೆ ಮುರಿದುಕೊಂಡು 8 ಪಂದ್ಯಕ್ಕೆ ನಿಂತ. ಮೆಕ್ಯಾಫ್ರಿ 2019ರಲ್ಲಿ ಓಟ, ಕ್ಯಾಚ್ ಎರಡರಲ್ಲೂ ಸಾವಿರ ಯಾರ್ಡ್ ದಾಟಿದ, 2020ರಲ್ಲಿ ಆಡಿದ್ದು 3 ಪಂದ್ಯ.

ಮಿಚಿಗನ್_ಮಾರಾಯ:
ನಿಮಗೆ ಬೇಕಾದ ವರ್ಷಗಳನ್ನು ಮಾತ್ರ ಆರಿಸಿಕೊಂಡರೆ ಆಯ್ತಾ ಮಾರಾಯ್ರೆ? ಅದೇ ಹೆನ್ರಿ 2019ರಲ್ಲಿ 303 ಸಲ ಓಡಿ, ಪ್ಲೇಆಫ್‌ನಲ್ಲಿ ಇನ್ನೂ 83 ಸಲ ಓಡಿದ. ಮುಂದಿನ ವರ್ಷ ಅವನು ಮಾಡಿದ್ದು 2,027 ಯಾರ್ಡ್. ಆರ್‌ಬಿ ಅಂದಮೇಲೆ ಗಾಯ ಆಗುವುದೇ. ಕಡಿಮೆ ಓಡಿದವನಿಗೂ ಆಗುತ್ತದೆ.

ಫಿಲ್ಲಿ_ಫ್ಯಾನ್_ಶಿವಮೊಗ್ಗ:
ಸರಿಯಾಗಿ ಹೇಳಿದಿರಿ. ಬಾರ್ಕ್ಲಿ ವಿಷಯದಲ್ಲಿ ನನಗಿರುವ ಚಿಂತೆ ಒಂದೇ, ಅವನ ತಂಡದ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್. ಒಂದು ಯಾರ್ಡ್ ಉಳಿದರೆ ಹಿಂದಿನಿಂದ ತಳ್ಳಿಸಿಕೊಂಡು ತಾನೇ ಟಚ್‌ಡೌನ್ ಮಾಡಿಬಿಡುತ್ತಾನೆ. 2024ರಲ್ಲಿ ಓಡಿ ಮಾಡಿದ್ದೇ 14. ಆ ಟಶ್ ಪುಶ್ ನಿಲ್ಲಿಸೋಕೆ 2025ರ ಮೇ ತಿಂಗಳಲ್ಲಿ ತಂಡಗಳು ಮತ ಹಾಕಿದವು, 22-10 ಆಯಿತು. 24 ಬೇಕಿತ್ತು. ಹಾಗಾಗಿ 2025ರ ಸೀಸನ್‌ನಲ್ಲೂ ಇರುತ್ತದೆ.

ಬೇಏರಿಯಾ_ಬಸವನಗುಡಿ:
ಅದು ಫುಟ್‌ಬಾಲೇ ಅಲ್ಲ, ನಿಲ್ಲಿಸಬೇಕಿತ್ತು.

ಫಿಲ್ಲಿ_ಫ್ಯಾನ್_ಶಿವಮೊಗ್ಗ:
ತಡೆಯೋಕೆ ಆಗದವರೆಲ್ಲ ಹೇಳುವ ಮಾತು ಅದು. ಬೇರೆ ತಂಡಗಳೂ ಮಾಡಲಿ, ಯಾರು ಬೇಡ ಅಂದರು?

ಮಿಚಿಗನ್_ಮಾರಾಯ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಜಯನಗರ ಅವರೇ, ನನ್ನ ಸಲಹೆ ಹೀರೋ ಆರ್‌ಬಿ. ಮೊದಲೆರಡು ಸುತ್ತಿನಲ್ಲಿ ಒಬ್ಬನೇ ಒಬ್ಬ ಗಟ್ಟಿ ಆರ್‌ಬಿ ತೆಗೆದುಕೊಳ್ಳಿ, ಆಮೇಲೆ ಆರನೇ ಸುತ್ತಿನವರೆಗೆ ರಿಸೀವರ್‌ಗಳು. ನಾನು ಯಾವಾಗಲೂ ಹೀಗೇ ಮಾಡೋದು. ನಮ್ಮ ಮನೆ ಬೇಸ್‌ಮೆಂಟ್‌ನಲ್ಲಿ ಗೋಡೆ ಪೂರ್ತಿ ಡ್ರಾಫ್ಟ್ ಬೋರ್ಡ್ ಇದೆ. ಆಟಗಾರರ ಹೆಸರಿನ ಸ್ಟಿಕರ್, ಒಂದೊಂದು ಪೊಸಿಶನ್‌ಗೆ ಒಂದೊಂದು ಬಣ್ಣ. ಪಕ್ಕದಲ್ಲಿ ಎರಡು ಮಾನಿಟರ್, ಒಂದರಲ್ಲಿ ರ‍್ಯಾಂಕಿಂಗ್, ಇನ್ನೊಂದರಲ್ಲಿ ಗಾಯದ ಸುದ್ದಿ. ಆರ್‌ಬಿಗೆ ಹಸಿರು ಸ್ಟಿಕರ್. ಹಸಿರು ಒಂದರ ಹಿಂದೆ ಒಂದು ಬೀಳೋಕೆ ಶುರುವಾದರೆ ರೂಮಿನ ಆ ತುದಿಯಿಂದಲೇ ಗೊತ್ತಾಗುತ್ತದೆ.

ಬೇಏರಿಯಾ_ಬಸವನಗುಡಿ:
ನಮ್ಮದು ಪ್ರೊಜೆಕ್ಟರ್. ಜೊತೆಗೆ ಬಿಸಿಬೇಳೆಬಾತ್, ಖಾರಾಬೂಂದಿ. ಡ್ರಾಫ್ಟ್ ಮುಗಿಯೋಕೆ ಮಧ್ಯರಾತ್ರಿ ಆಗುತ್ತೆ. ಫೋನ್‌ನಲ್ಲಿ ಡ್ರಾಫ್ಟ್ ಮಾಡುವವರಿಗೆ ಈ ಮಜಾ ಗೊತ್ತಾಗಲ್ಲ.

ಆಸ್ಟಿನ್_ಅಕ್ಕ:
ಬೋರ್ಡ್, ಬೂಂದಿ ಆಮೇಲೆ ಆಗಲಿ. ಯಾರೂ ಮೂಲ ಪ್ರಶ್ನೆಯನ್ನೇ ಕೇಳಿಲ್ಲವಲ್ಲ! ನಿಮ್ಮ ಲೀಗ್‌ನಲ್ಲಿ ಎಷ್ಟು ತಂಡ? ಒಂದು ಕ್ಯಾಚ್‌ಗೆ ಎಷ್ಟು ಪಾಯಿಂಟ್? ಪಿಪಿಆರಾ (ಒಂದು ಪಾಯಿಂಟ್), ಹಾಫಾ (ಅರ್ಧ), ಇಲ್ಲಾ ಏನೂ ಇಲ್ವಾ?

ಜರ್ಸಿಸಿಟಿ_ಜಯನಗರ:
12 ತಂಡ ಅಕ್ಕ. ಸ್ಕೋರಿಂಗ್ ಎಲ್ಲ ಕಡೆ ಇರುವ ಹಾಗೇ ಮಾಮೂಲಿ. ಎರಡು ಆರ್‌ಬಿ, ಎರಡು ರಿಸೀವರ್, ಒಂದು ಫ್ಲೆಕ್ಸ್ (ಆರ್‌ಬಿ ಅಥವಾ ರಿಸೀವರ್, ಯಾರನ್ನಾದರೂ ಹಾಕುವ ಜಾಗ).

ಆಸ್ಟಿನ್_ಅಕ್ಕ:
ಮಾಮೂಲಿ ಅಂತ ಒಂದು ಇಲ್ಲಪ್ಪ. ಲೀಗ್ ಸೆಟ್ಟಿಂಗ್ಸ್ ತೆಗೆದು ರಿಸೆಪ್ಷನ್ ಅನ್ನುವ ಸಾಲಿನ ಮುಂದೆ ಏನಿದೆ ನೋಡಿ ಹೇಳಿ.

ಜರ್ಸಿಸಿಟಿ_ಜಯನಗರ:
ರಿಸೆಪ್ಷನ್ 0. ರಶಿಂಗ್ 10 ಯಾರ್ಡ್‌ಗೆ 1, ಟಚ್‌ಡೌನ್ 6. ತುಂಬಾ ಹಳೆಯ ಲೀಗ್ ಇದು, ಶುರುವಾದಾಗಿನಿಂದ ಹೀಗೇ ಇದೆಯಂತೆ.

ಆಸ್ಟಿನ್_ಅಕ್ಕ:
ಸಿಕ್ಕಿತು ನೋಡಿ. ನೀವು ಮಾಕ್ ಮಾಡುವ ಆ್ಯಪ್ ಮೊದಲೇ ಪಿಪಿಆರ್‌ಗೆ ಸೆಟ್ ಆಗಿರುತ್ತದೆ. ಅಲ್ಲಿ ಕ್ಯಾಚ್‌ಗೆ 1 ಪಾಯಿಂಟ್, ಹಾಗಾಗಿ ರಿಸೀವರ್‌ಗಳು ಮೊದಲು ಹೋಗುತ್ತಾರೆ, ಆರ್‌ಬಿಗಳು ನಿಮ್ಮವರೆಗೆ ಇಳಿದು ಬರುತ್ತಾರೆ. ನಿಮ್ಮ ಆಫೀಸಿನವರಿಗೆ ಕ್ಯಾಚ್‌ಗೆ ಏನೂ ಇಲ್ಲ ಅಂತ ಗೊತ್ತು, ಅದಕ್ಕೇ ಅವರು ಮೊದಲು ಆರ್‌ಬಿಗಳಿಗೆ ಕೈ ಹಾಕುತ್ತಾರೆ.

2024ರ ಲೆಕ್ಕವನ್ನೇ ನೋಡಿ. ಹೆನ್ರಿ 1,921 ಯಾರ್ಡ್ ಓಡಿದ, ಕ್ಯಾಚ್‌ನಿಂದ 193 ಯಾರ್ಡ್, ಒಟ್ಟು 18 ಟಚ್‌ಡೌನ್. ಫಂಬಲ್ (ಚೆಂಡು ಕೈಜಾರಿದ್ದಕ್ಕೆ ಕಳೆಯುವುದು) ಲೆಕ್ಕಕ್ಕೆ ಹಿಡಿಯದಿದ್ದರೆ ನಿಮ್ಮ ಲೀಗ್‌ನಲ್ಲಿ 319.4 ಪಾಯಿಂಟ್. ಮಯಾಮಿಯ ಏಚಾನ್ 907 ಯಾರ್ಡ್ ಓಡಿದ, ಕ್ಯಾಚ್‌ನಿಂದ 592, ಒಟ್ಟು 12 ಟಚ್‌ಡೌನ್. ಅದು 221.9. ಇಬ್ಬರ ನಡುವೆ 97 ಪಾಯಿಂಟ್‌ಗೂ ಜಾಸ್ತಿ ಅಂತರ. ಈಗ ಪಿಪಿಆರ್‌ಗೆ ಬನ್ನಿ. ಏಚಾನ್ ಹಿಡಿದದ್ದು 78 ಕ್ಯಾಚ್, ಹೆನ್ರಿ ಬರೀ 19. ಏಚಾನ್ 299.9ಕ್ಕೆ ಏರಿಬಿಡುತ್ತಾನೆ, ಹೆನ್ರಿ 338.4, ಅಂತರ 38ಕ್ಕೆ ಇಳಿಯಿತು. ಆಟಗಾರರು ಅವರೇ, ಆಡಿದ ಆಟವೂ ಅದೇ, ಆದರೆ ಒಂದು ಸಾಲಿನ ಸೆಟ್ಟಿಂಗ್‌ನಿಂದ ಬೆಲೆ ಇಷ್ಟು ಬದಲಾಗುತ್ತದೆ.

ಮಾಕ್ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಂಡರ್ಡ್ (ಕ್ಯಾಚ್‌ಗೆ ಸೊನ್ನೆ) ಆರಿಸಿ, 12 ತಂಡ, 11ನೇ ಸ್ಥಾನ ಹಾಕಿ ಮತ್ತೆ ಮಾಡಿ. ರ‍್ಯಾಂಕಿಂಗ್ ಪಟ್ಟಿಯನ್ನೂ ಸ್ಟ್ಯಾಂಡರ್ಡ್‌ದೇ ತೆಗೆದುಕೊಳ್ಳಿ.

ಮಿಚಿಗನ್_ಮಾರಾಯ:
ಅಕ್ಕ ಹೇಳಿದ್ದು ಪಕ್ಕಾ. ಕ್ಯಾಚ್‌ಗೆ ಸೊನ್ನೆ ಅಂದರೆ ಹೀರೋ ಆರ್‌ಬಿ ಬೇಡ, ಮೊದಲೆರಡರಲ್ಲಿ ಎರಡೂ ಆರ್‌ಬಿ ತೆಗೆದುಕೊಳ್ಳಿ. ಪ್ರತಿ ಸುತ್ತಿಗೂ ಸರದಿ ತಿರುಗುಮುರುಗು ಆಗುವುದರಿಂದ ನಿಮಗೆ 11 ಆದಮೇಲೆ 14, ಅದಾದಮೇಲೆ 35ರವರೆಗೆ ನಿಮ್ಮ ಸರದಿ ಇಲ್ಲ. ಅಷ್ಟರಲ್ಲಿ ಆರ್‌ಬಿಗಳ ಪಟ್ಟಿಯಲ್ಲಿ ಒಳ್ಳೆಯವರು ಯಾರೂ ಉಳಿದಿರುವುದಿಲ್ಲ.

ಬೇಏರಿಯಾ_ಬಸವನಗುಡಿ:
ಆದರೆ ಹೆನ್ರಿಯ ವಯಸ್ಸು 31. ಹೋದ ವರ್ಷ 325 ಸಲ ಓಡಿದ್ದಾನೆ. ನಾನು ಹೇಳಿದ ಲೆಕ್ಕ ಇಲ್ಲಿಗೂ ಹೊಂದುತ್ತದೆ, ಬರೆದಿಟ್ಟುಕೊಳ್ಳಿ. ಅವನ ಬದಲು ಲಾಸ್ ವೇಗಸ್‌ನ ಹೊಸ ಹುಡುಗ ಜೆಂಟಿ. ಬಾಯ್ಸಿ ಸ್ಟೇಟ್‌ನಲ್ಲಿ 2,601 ಯಾರ್ಡ್ ಓಡಿದವನು, ಬ್ಯಾರಿ ಸ್ಯಾಂಡರ್ಸ್ ದಾಖಲೆಗೆ ಕೂದಲೆಳೆಯಷ್ಟು ಹತ್ತಿರ ಹೋಗಿದ್ದ.

ಫಿಲ್ಲಿ_ಫ್ಯಾನ್_ಶಿವಮೊಗ್ಗ:
ಕಾಲೇಜಿನಲ್ಲಿ ಅವನು ಒಂದೇ ವರ್ಷ 374 ಸಲ ಓಡಿದ್ದಾನೆ. ನಿಮ್ಮ ಲೆಕ್ಕ ಅವನಿಗೆ ಹೊಂದಲ್ವಾ?

ಜರ್ಸಿಸಿಟಿ_ಜಯನಗರ:
ಅಕ್ಕ, ನೀವು ಹೇಳಿದ ಹಾಗೆ ಬದಲಾಯಿಸಿ ಮಾಡಿದೆ. ಪೂರ್ತಿ ಬೇರೆ ಡ್ರಾಫ್ಟ್! ಹೆನ್ರಿ 11ಕ್ಕೆ ಮುಂಚೆಯೇ ಹೋದ. ಹೋದ ವರ್ಷ ಆಫೀಸಿನಲ್ಲಿ ನಡೆದದ್ದೂ ಇದೇ. 11ಕ್ಕೆ ಟೇಲರ್, 14ಕ್ಕೆ ಜಾಶ್ ಜೇಕಬ್ಸ್ ಸಿಕ್ಕರು. ಬೈ ವಾರ (ತಂಡಕ್ಕೆ ಪಂದ್ಯವಿಲ್ಲದ ವಾರ) ಕೂಡ ಬೇರೆ ಬೇರೆ, ಜೇಕಬ್ಸ್‌ಗೆ 5, ಟೇಲರ್‌ಗೆ 11. ಇದನ್ನೇ ಇಟ್ಟುಕೊಳ್ಳಲಾ? ಒಬ್ಬ ಕೀಪರ್ (ಹೋದ ವರ್ಷದ ತಂಡದಿಂದ ಉಳಿಸಿಕೊಳ್ಳುವ ಆಟಗಾರ) ಬೇರೆ ಇರುತ್ತಾನಲ್ಲ, ಅವನನ್ನು ಯಾವ ಸುತ್ತಿಗೆ ಲೆಕ್ಕ ಹಾಕಬೇಕು?

ಮಿಚಿಗನ್_ಮಾರಾಯ:
ಕೀಪರ್ ಲೀಗಾ?! ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ!

ಆಸ್ಟಿನ್_ಅಕ್ಕ:
ನಿಮ್ಮ ಹತ್ತಿರ ಯಾರಿದ್ದಾರೆ? ಉಳಿಸಿಕೊಂಡರೆ ಯಾವ ಪಿಕ್ ಹೋಗುತ್ತದೆ? ಬೇರೆಯವರು ಯಾರನ್ನು ಉಳಿಸಿಕೊಂಡಿದ್ದಾರೆ?

ಜರ್ಸಿಸಿಟಿ_ಜಯನಗರ:
ಯಾವ ಸುತ್ತಿನಲ್ಲಿ ತೆಗೆದುಕೊಂಡಿದ್ದೆವೋ ಆ ಸುತ್ತಿನ ಪಿಕ್ ಹೋಗುತ್ತದೆ. ವೇವರ್‌ನಿಂದ ಬಂದವನಾದರೆ ಕೊನೆಯ ಸುತ್ತು. ನನ್ನ ಹತ್ತಿರ ಟ್ಯಾಂಪಾದ ಬಕ್ಕಿ ಇರ್ವಿಂಗ್ ಇದ್ದಾನೆ, ಸೀಸನ್ ಮಧ್ಯೆ ವೇವರ್‌ನಿಂದ ತೆಗೆದುಕೊಂಡದ್ದು. ಬೇರೆಯವರ ಪಟ್ಟಿಯನ್ನು ಲೀಗ್ ನಡೆಸುವ ಕಮಿಷನರ್ ಶುಕ್ರವಾರ ಹಾಕುತ್ತಾರೆ.

ಆಸ್ಟಿನ್_ಅಕ್ಕ:
ಇರ್ವಿಂಗ್ ಕೊನೆಯ ಸುತ್ತಿನ ಬೆಲೆಗೆ! ಮೊದಲ ವರ್ಷವೇ 1,122 ಯಾರ್ಡ್ ಓಡಿದ ಹುಡುಗ ಅವನು. ಕಣ್ಣು ಮುಚ್ಚಿಕೊಂಡು ಉಳಿಸಿಕೊಳ್ಳಿ. ಒಬ್ಬ ಆರ್‌ಬಿ ಆಗಲೇ ಕೈಯಲ್ಲಿದ್ದಾನೆ ಅಂದಮೇಲೆ 11ಕ್ಕೆ ಇರುವವರಲ್ಲಿ ಒಳ್ಳೆಯ ಆರ್‌ಬಿ, 14ಕ್ಕೆ ಒಳ್ಳೆಯ ರಿಸೀವರ್ ತೆಗೆದುಕೊಳ್ಳಬಹುದು, ಅವಸರ ಬೇಡ. ಶುಕ್ರವಾರದ ಪಟ್ಟಿ ಬಂದ ಮೇಲೆ ಉಳಿಸಿಕೊಂಡವರನ್ನೆಲ್ಲ ತೆಗೆದು ಇನ್ನೊಂದು ಮಾಕ್ ಮಾಡಿ. ಪಟ್ಟಿಯನ್ನು ಇಲ್ಲೇ ಹಾಕಿ, ನಾನೂ ನೋಡುತ್ತೇನೆ.

ಜರ್ಸಿಸಿಟಿ_ಜಯನಗರ:
ಖಂಡಿತ ಹಾಕುತ್ತೇನೆ ಅಕ್ಕ. ತುಂಬಾ ಥ್ಯಾಂಕ್ಸ್.

ಡಲ್ಲಾಸ್_ದಾವಣಗೆರೆ:
ಇಲ್ಲೇ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಹಾಫ್ ಪಿಪಿಆರ್, 10 ತಂಡ, ಕೀಪರ್ ಇಲ್ಲ, ನನಗೆ 2ನೇ ಪಿಕ್. ರಿಸೀವರ್ ಚೇಸ್ ಹೋದರೆ ಆರ್‌ಬಿಗಳಲ್ಲಿ ಬಿಜಾನಾ, ಗಿಬ್ಸಾ?

ಮಿಚಿಗನ್_ಮಾರಾಯ:
ಗಿಬ್ಸ್. ಹೋದ ವರ್ಷ ಒಟ್ಟು 20 ಟಚ್‌ಡೌನ್.

ಆಸ್ಟಿನ್_ಅಕ್ಕ:
ಬಿಜಾನ್. ಅಟ್ಲಾಂಟಾದಲ್ಲಿ ಕೆಲಸವೆಲ್ಲ ಅವನದೇ, ಡೆಟ್ರಾಯಿಟ್‌ನಲ್ಲಿ ಮಾಂಟ್‌ಗಮರಿ ಪಾಲು ಕೇಳುತ್ತಾನೆ. ಇದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇಲ್ಲದಿದ್ದರೆ ಜಯನಗರ ಅವರ ಕೀಪರ್ ಪಟ್ಟಿ ಇದರಲ್ಲಿ ಕಳೆದುಹೋಗುತ್ತದೆ.