ದುಬೈ ಮರಳುದಿಬ್ಬದಲ್ಲಿ ಕ್ವಾಡ್ ಬೈಕ್: ಹೋಗಿ ಬಂದವರು ಇದ್ದೀರಾ?

ಪ್ರಶ್ನೆ (ಸಕಲೇಶಪುರ):
ಡಿಸೆಂಬರ್‌ನಲ್ಲಿ ದುಬೈಗೆ, ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಕಾಫಿ ಕೊಯ್ಲಿನ ಹೊತ್ತಲ್ಲಿ ಹೊರಟಿದ್ದಕ್ಕೆ ಅಪ್ಪನ ಗೊಣಗಾಟ ಇದ್ದೇ ಇದೆ, ಬಿಡಿ. ಅಲ್ಲಿನ ಲಹಬಾಬ್ ಮರುಭೂಮಿಯ ಕೆಂಪು ಮರಳಲ್ಲಿ ಗೈಡ್ ಜೊತೆ ಕ್ವಾಡ್ ಬೈಕ್ (ನಾಲ್ಕು ಚಕ್ರದ ಬೈಕ್) ಓಡಿಸೋಣ ಅಂತಾರೆ ಭಾವ. ತೋಟದ ಕೆಸರಲ್ಲಿ ಬೈಕ್ ಓಡಿಸಿ ಗೊತ್ತು. ಮರಳು ಕಷ್ಟನಾ?

ಉತ್ತರ 1 (ಹಾಸನ):
ಬೈಕಿನ ಅಭ್ಯಾಸವೇ ಅಲ್ಲಿ ಕೈ ಕೊಡೋದು. ಆಕ್ಸಿಲರೇಟರ್ ತಿರುಚುವುದಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತುವ ಚಿಕ್ಕ ಲಿವರ್. ಗಾಬರಿಯಾಗಿ ಹ್ಯಾಂಡಲ್ ಬಿಗಿ ಹಿಡಿದರೆ ಹೆಬ್ಬೆರಳೂ ಒತ್ತುತ್ತದೆ, ಗಾಡಿ ಮುಂದಕ್ಕೆ ನುಗ್ಗುತ್ತದೆ. ಮೊದಲು ಸಮತಟ್ಟಲ್ಲಿ ಸುಮ್ನೆ ಸುತ್ತು ಹಾಕಿ.

ದಿಬ್ಬ ಹತ್ತುವಾಗ ಅರ್ಧಕ್ಕೆ ನಿಲ್ಲಿಸಬೇಡಿ, ಚಕ್ರ ಹೂತುಹೋಗುತ್ತದೆ. ತುದಿ ಬಂದಾಗ ಮಾತ್ರ ನಿಧಾನ. ಗಾಳಿ ಬೀಸುವ ಕಡೆ ಇಳಿಜಾರು ಕಡಿಮೆ ಇರುತ್ತದೆ, ಆಚೆ ಬದಿ ಸುಮಾರು 30 ಡಿಗ್ರಿಗೂ ಜಾಸ್ತಿ ಕಡಿದಾಗಿರಬಹುದು. ಮೇಲೆ ಹೋಗುವವರೆಗೂ ಅದು ಕಾಣುವುದಿಲ್ಲ! ಅಡ್ಡಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ. ಗೈಡ್ ಹೋದ ಜಾಡಲ್ಲೇ ಹೋಗಿ.

ಉತ್ತರ 2 (ಮೂಡಿಗೆರೆ):
ಹೆಲ್ಮೆಟ್, ಗಾಗಲ್ಸ್ ಕೊಡ್ತಾರಾ ಅಂತ ಮೊದಲೇ ಕೇಳಿ. ಮೂಗಿಗೆ ತೆಳುವಾದ ಹತ್ತಿ ಬಟ್ಟೆ, ಕಾಲಿಗೆ ಶೂ. ಟ್ರಾವೆಲ್ ಇನ್ಶೂರೆನ್ಸ್ ಕ್ವಾಡ್ ಬೈಕಿಗೆ ಅನ್ವಯಿಸುತ್ತಾ ನೋಡಿಕೊಳ್ಳಿ, ಕೆಲವು ಪಾಲಿಸಿಗಳಲ್ಲಿ ಇರುವುದಿಲ್ಲ. ಬೆನ್ನುನೋವಿದ್ದರೆ ಖಂಡಿತ ಬೇಡ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಬೆನ್ನುನೋವು ಭಾವನಿಗೇ ಇರೋದು. ಈಗ ಅವರಿಗೆ ಹೇಳೋದು ಹೇಗೆ?