ಬೆಳಿಗ್ಗೆ ಚಳಿ, ಹತ್ತಕ್ಕೆ ಬಿಸಿಲು, ನಡುವೆ ಗಾಳಿ: ಎಂಥ ಜಿಲೆ ತಗೊಳ್ಳಲಿ?

ಪ್ರಶ್ನೆ

ವಾರಕ್ಕೆ ಎರಡು ದಿನ ಉದ್ದದ ಸವಾರಿ ಮಾಡುತ್ತೇನೆ. ಹೊರಡುವಾಗ 9 ಡಿಗ್ರಿ ಇರುತ್ತದೆ, ವಾಪಸ್ ಬರುವಷ್ಟರಲ್ಲಿ 20 ದಾಟಿರುತ್ತದೆ. ನಡುವೆ ಗಾಳಿ, ಒಮ್ಮೊಮ್ಮೆ ನಾಲ್ಕು ಹನಿ ಮಳೆ. ಪೂರ್ತಿ ಜಾಕೆಟ್ ಹಾಕಿದರೆ ಮೊದಲ ಏರಿನಲ್ಲೇ ಬೆವರಿನ ಸ್ನಾನ. ಬರೀ ಜರ್ಸಿಯಲ್ಲಿ ಹೋದರೆ ಇಳಿಜಾರಿನಲ್ಲಿ ಎದೆ ಮರಗಟ್ಟುತ್ತದೆ. ಜೊತೆಯವರೆಲ್ಲ ಜಿಲೆ ತಗೋ ಅನ್ನುತ್ತಾರೆ. (ಜಿಲ್ಲೆ ಅಲ್ಲ, ಜಿಲೆ! ತೋಳಿಲ್ಲದ ತೆಳು ಸೈಕ್ಲಿಂಗ್ ಜಾಕೆಟ್.) ತೋಳೇ ಇಲ್ಲದ ಜಾಕೆಟ್‌ನಿಂದ ಏನು ಉಪಯೋಗ? ಬೆನ್ನಿಗೆ ಜಾಲರಿ ಇರೋದು ಒಳ್ಳೆಯದಾ, ಪೂರ್ತಿ ಬಟ್ಟೆ ಇರೋದಾ? ಒಳಗೆ ಏನು ಹಾಕಬೇಕು? ಬಳಸಿದವರು ಅನುಭವ ಹೇಳಿ.

ಹಳೆಯ ಸವಾರ

ಮೊದಲು ತೋಳಿನ ವಿಷಯ. ತುಳಿಯುವಾಗ ನಾವು ಸುಡುವ ಶಕ್ತಿಯಲ್ಲಿ ಪೆಡಲ್‌ಗೆ ಸಿಗೋದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದೆಲ್ಲ ಬಿಸಿ. ಪೆಡಲ್ ಮೇಲೆ 150 ವ್ಯಾಟ್ ಬೀಳುತ್ತಿದ್ದರೆ ಮೈ ಸುಮಾರು 500 ವ್ಯಾಟ್‌ನ ಹೀಟರ್ ಆಗಿರುತ್ತದೆ. ಆ ಬಿಸಿ ಹೊರಗೆ ಹೋಗಲು ದಾರಿ ಬೇಕಲ್ವಾ? ಕಂಕುಳು, ತೋಳು, ಬೆನ್ನು, ಇವೇ ಆ ದಾರಿ. ಗಾಳಿ ಬಂದು ಬಡಿಯೋದು ಮಾತ್ರ ಎದೆಗೆ, ಹೊಟ್ಟೆಗೆ. ಜಿಲೆ ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದಿಡುತ್ತದೆ, ಅಷ್ಟೇ ಅದರ ಕೆಲಸ.

ಇಳಿಜಾರಿನಲ್ಲಿ ಲೆಕ್ಕ ತಲೆಕೆಳಗು. ತುಳಿಯೋದು ನಿಂತಿತು, ಹೀಟರ್ ಆಫ್ ಆಯಿತು, ವೇಗ ಮಾತ್ರ ಏರಿತು. ಹವಾಮಾನದವರ ವಿಂಡ್ ಚಿಲ್ ಸೂತ್ರದ ಪ್ರಕಾರ 10 ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ಗಾಳಿ ಬಡಿದರೆ 6 ಡಿಗ್ರಿ ಇದ್ದಂತೆ ಅನ್ನಿಸುತ್ತದೆ. ಅದೂ ಒಣ ಚರ್ಮದ ಲೆಕ್ಕ. ಏರು ಹತ್ತಿ ನೆನೆದ ಜರ್ಸಿಯಲ್ಲಿ ಇಳಿಯುವವರಿಗೆ ಇನ್ನೂ ಜಾಸ್ತಿ. ಸಾವಿರ ಮೀಟರ್ ಮೇಲೇರಿದರೆ ಗಾಳಿಯೇ ಸುಮಾರು 6.5 ಡಿಗ್ರಿ ತಂಪಾಗಿರುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಹಿಂದೆಲ್ಲ ಟೂರ್ ಡಿ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ನಿಂತವರ ಕೈಯಿಂದ ನ್ಯೂಸ್‌ಪೇಪರ್ ಇಸ್ಕೊಂಡು, ಜರ್ಸಿಯೊಳಗೆ ಎದೆಗೆ ತುರುಕಿಕೊಂಡು ಇಳಿಯುತ್ತಿದ್ದರು. ನಾನೂ ಒಮ್ಮೆ ಮಾಡಿ ನೋಡಿದ್ದೇನೆ. ಎದೆ ಬೆಚ್ಚಗಿತ್ತು. ಮನೆಗೆ ಬಂದು ನೋಡಿದರೆ ಅರ್ಧ ಸಂಪಾದಕೀಯ ಹೊಟ್ಟೆ ಮೇಲೆ ಅಚ್ಚಾಗಿತ್ತು. ಜಿಲೆ ಅಂದರೆ ಶಾಯಿ ಬಿಡದ ನ್ಯೂಸ್‌ಪೇಪರ್ ಅಂದುಕೊಳ್ಳಿ.

ಹಾಗಾಗಿ ನಾನು ಜಿಲೆಯನ್ನು ಮೊದಲು ನೋಡೋದು ಮೈ ಮೇಲೆ ಅಲ್ಲ, ಜೇಬಿನಲ್ಲಿ. ಜರ್ಸಿಯ ಹಿಂದಿನ ಜೇಬಿಗೆ ಒಂದೇ ಕೈಯಲ್ಲಿ ತುರುಕಲು ಆಗಬೇಕು. ತುರುಕಿದ ಮೇಲೂ ಪಕ್ಕದಲ್ಲಿ ಟ್ಯೂಬ್‌ಗೆ ಜಾಗ ಇರಬೇಕು. ಒಳ್ಳೆಯ ತೆಳು ಜಿಲೆ 100 ಗ್ರಾಂ ಆಸುಪಾಸು ತೂಗುತ್ತದೆ, ಮುಷ್ಟಿಯಷ್ಟು ಉಂಡೆಯಾಗುತ್ತದೆ. ಒಳಗೆ ತುಪ್ಪಳದ ಪದರ ಇರುವ ದಪ್ಪ ಜಿಲೆಗಳೂ ಇವೆ. ದಿನವಿಡೀ ಚಳಿ ಇದ್ದರೆ ಅವು ಬಹಳ ಹಿತ. ಆದರೆ ನಿಮಗೆ ಹತ್ತು ಗಂಟೆಗೆ ಬಿಸಿಲು ಬರುತ್ತದೆ. ಆಗ ಅದನ್ನು ಎಲ್ಲಿ ಇಡ್ತೀರಿ? ಸೊಂಟಕ್ಕೆ ಕಟ್ಟಿಕೊಂಡು ಬರಬೇಕಾಗುತ್ತದೆ.

ಅಳತೆ ನೋಡುವಾಗ ನೆಟ್ಟಗೆ ನಿಂತು ಕನ್ನಡಿ ನೋಡಬೇಡಿ. ಹ್ಯಾಂಡಲ್ ಹಿಡಿದಂತೆ ಬಗ್ಗಿ. ಬಗ್ಗಿದಾಗ ಬೆನ್ನಿನ ಅಂಚು ಸೊಂಟ ಬಿಟ್ಟು ಮೇಲೆ ಹೋಗಬಾರದು, ಎದೆಯ ಮುಂದೆ ಬಟ್ಟೆ ಚೀಲದ ಹಾಗೆ ಜೋತಾಡಬಾರದು. ನಿಂತಾಗ ಸ್ವಲ್ಪ ಬಿಗಿ ಅನ್ನಿಸಿದರೆ ಸರಿ ಅಂತ ಅರ್ಥ. ತೋಳುಗೂಡು ದೊಗಲೆ ಇದ್ದರೆ ಗಾಳಿ ಅಲ್ಲಿಂದ ನುಗ್ಗಿ ಇಡೀ ಜಿಲೆ ಬಲೂನ್ ಆಗುತ್ತದೆ. ಪಟಪಟ ಅನ್ನುವ ಆ ಸದ್ದು ಮೂರು ಗಂಟೆ ಕೇಳಿದರೆ ತಲೆ ಕೆಡುತ್ತದೆ.

ದಿನಾ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವಳು

ನನ್ನ ಬೆನ್ನ ಮೇಲೆ ಲ್ಯಾಪ್‌ಟಾಪ್ ಚೀಲ ಇರುತ್ತದೆ. ಅಂಥವರಿಗೆ ಜಾಲರಿ ಬೆನ್ನೇ ಸರಿ. ಚೀಲದ ಅಡಿಯಲ್ಲಿ ಗಾಳಿಯಾಡದ ಬಟ್ಟೆ ಹಾಕಿಕೊಂಡರೆ ಅಲ್ಲಿ ಬೇಯುತ್ತದೆ. ಇನ್ನೊಂದು, ಬಣ್ಣ. ಕಪ್ಪು ಜಿಲೆ ಸ್ಟೈಲಾಗಿ ಕಾಣುತ್ತದೆ, ಆದರೆ ಮುಂಜಾವಿನ ಮಂದ ಬೆಳಕಿನಲ್ಲಿ ನಾನೇ ಕಾಣಲ್ಲ. ಕಿತ್ತಳೆ ತಗೊಂಡೆ. ಕಳೆದುಹೋದರೂ ಬೇಗ ಸಿಗುತ್ತದೆ!

ಜಿಪ್‌ನಿಂದ ಪಾಠ ಕಲಿತವನು

ಎಲ್ಲರೂ ಹಾಕೋದರ ಬಗ್ಗೆ ಹೇಳುತ್ತಿದ್ದೀರಿ. ನಾನು ಬಿಚ್ಚೋದರ ಬಗ್ಗೆ ಹೇಳುತ್ತೇನೆ.

ಟಿವಿಯಲ್ಲಿ ರೇಸ್ ನೋಡಿ ನನಗೂ ಎರಡೂ ಕೈ ಬಿಟ್ಟು ಜಿಲೆ ಬಿಚ್ಚುವ ಚಟ ಹಿಡಿಯಿತು. ಸಮತಟ್ಟು ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ. ಜಿಪ್ ಎಳೆದೆ. ಬಲಗೈ ಸಲೀಸಾಗಿ ಹೊರಗೆ ಬಂತು. ಎಡಗಡೆ ತೋಳುಗೂಡು ಗಡಿಯಾರದ ಗುಂಡಿಗೆ ಸಿಕ್ಕಿಕೊಂಡಿತು. ಕೊಡವಿದೆ. ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಕೊಡವಿದ್ದೇ ತಪ್ಪಾಯಿತು. ಇನ್ನೊಂದು ತುದಿ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಚಕ್ರಕ್ಕೆ ಹೋಯಿತು. ಟರ್‍ರ್ ಅಂತ ಒಂದು ಸದ್ದು, ಚಕ್ರ ಅಲ್ಲೇ ಕಚ್ಚಿಕೊಂಡಿತು. ಪುಣ್ಯಕ್ಕೆ ಬಿದ್ದದ್ದು ರಸ್ತೆ ಪಕ್ಕದ ಹುಲ್ಲಿನ ಮೇಲೆ. ಮೊಣಕೈ ತರಚಿತು, ಜಿಲೆ ಎರಡು ಹೋಳಾಯಿತು. ಫ್ರೇಮ್ ಮೇಲೆ ಜಿಪ್ ಹಲ್ಲುಗಳ ಸಾಲು ಗುರುತು ಈಗಲೂ ಇದೆ, ಬಂದವರಿಗೆಲ್ಲ ತೋರಿಸುತ್ತೇನೆ.

ನಿಲ್ಲಿಸಿ ಬಿಚ್ಚಿ ಸ್ವಾಮಿ. ಅರ್ಧ ನಿಮಿಷದ ಕೆಲಸ.

ಹಾಗಾಗಿ ನಾನು ಈಗ ಎಲ್ಲಕ್ಕಿಂತ ಮೊದಲು ಜಿಪ್ ನೋಡುತ್ತೇನೆ. ಕೆಳಗಿನಿಂದಲೂ ತೆರೆಯುವ ಎರಡು ಎಳೆತದ ಜಿಪ್ ಸಿಕ್ಕರೆ ಬಿಡಬೇಡಿ. ಕುತ್ತಿಗೆ ಹತ್ತಿರ ಮುಚ್ಚಿಟ್ಟು ಕೆಳಗೆ ಒಂದು ಗೇಣು ತೆರೆದರೆ ಹೊಟ್ಟೆಯ ಬಿಸಿ ಹೋಗುತ್ತದೆ, ಜರ್ಸಿ ಜೇಬಿಗೂ ಕೈ ಹಾಕಬಹುದು. ಬಿಚ್ಚುವ ಪ್ರಸಂಗವೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಎಳೆಯುವ ದಾರ ಗ್ಲೌಸ್ ಹಾಕಿದ ಬೆರಳಿಗೂ ಸಿಗುವಷ್ಟು ಉದ್ದ ಇರಲಿ. ಇಲ್ಲದಿದ್ದರೆ ಒಂದು ತುಂಡು ಹಗ್ಗ ಕಟ್ಟಿಕೊಳ್ಳಿ, ನಾನು ಹಳೇ ಶೂ ಲೇಸ್ ಕಟ್ಟಿದ್ದೇನೆ.

ಒಳಪದರದ ಹುಚ್ಚಿನವರು

ಜಿಲೆ ಎಷ್ಟೇ ಚೆನ್ನಾಗಿದ್ದರೂ ಒಳಗೆ ಕಾಟನ್ ಬನಿಯನ್ ಇದ್ದರೆ ಎಲ್ಲ ವ್ಯರ್ಥ. ಕಾಟನ್ ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಬೇಗ ಒಣಗಲ್ಲ. ನಿಂತ ತಕ್ಷಣ ನಡುಕ. ಚರ್ಮಕ್ಕೆ ತಾಗುವ ಪದರ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದಾಗಿರಲಿ. ಮೆರಿನೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ನೂಲಿನೊಳಗೇ ಎಳೆದುಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸಲ್ಲ. ವಾಸನೆಯೂ ಕಡಿಮೆ. ಆದರೆ ಪೂರ್ತಿ ನೆನೆದರೆ ಒಣಗಲು ನಿಧಾನ.

ನನಗೆ ಇಷ್ಟವಾದದ್ದು ಬಲೆ ಥರದ ಬೇಸ್ ಲೇಯರ್. ನೋಡಲು ಮೀನಿನ ಬಲೆಯೇ. ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ಮೇಲೆ ಜಿಲೆ ಮುಚ್ಚಿದರೆ ಆ ಗಾಳಿ ಬೆಚ್ಚಗಿರುತ್ತದೆ, ಜಿಪ್ ತೆರೆದ ಕೂಡಲೇ ಬಿಸಿ ಹೊರಗೆ. ಜರ್ಸಿ ಒದ್ದೆಯಾದರೂ ಚರ್ಮಕ್ಕೆ ಅಂಟಲ್ಲ. ಮನೆಯವರು ನೋಡಿ ನಗುತ್ತಾರೆ, ನಗಲಿ ಬಿಡಿ.

ನಿಮ್ಮ 9 ಡಿಗ್ರಿಗೆ ನಾನಾದರೆ ಹೀಗೆ ಹೊರಡುತ್ತೇನೆ. ತೆಳು ಬೇಸ್ ಲೇಯರ್, ಅರ್ಧ ತೋಳಿನ ಜರ್ಸಿ, ಆರ್ಮ್ ವಾರ್ಮರ್, ಮೇಲೆ ಜಿಲೆ. ತೋಳಿಲ್ಲದ ಜಾಕೆಟ್ ಯಾಕೆ ಅಂತ ಕೇಳಿದಿರಲ್ವಾ? ತೋಳು ಬೇರೆ ಇದೆ, ಅದೇ ಆರ್ಮ್ ವಾರ್ಮರ್. ಜಾಕೆಟ್ಟನ್ನು ಮೂರು ತುಂಡು ಮಾಡಿ ಬೇಕಾದಾಗ ಬೇಕಾದ ತುಂಡು ಹಾಕಿಕೊಂಡಂತೆ. ಬಿಸಿಯಾಗುತ್ತಾ ಬಂದರೆ ಮೊದಲು ಜಿಪ್ ಇಳಿಸಿ, ಆಮೇಲೆ ಆರ್ಮ್ ವಾರ್ಮರ್ ಮಣಿಕಟ್ಟಿಗೆ ಜಾರಿಸಿ. ಜಿಲೆ ಬಿಚ್ಚೋದು ಕೊನೆಗೆ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಲೇಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ಕೇಳಿದವನು

ಬಹಳ ಉಪಯೋಗ ಆಯಿತು. ಚಕ್ರದ ಕಥೆ ಓದಿ ನನ್ನ ಮೊಣಕೈಯೇ ಉರಿಯಿತು. ಒಂದು ಮಾತ್ರ ಉಳಿಯಿತು. ಮಳೆ ಬಂದರೆ? ಕೆಲವು ಜಿಲೆಗಳ ಮೇಲೆ ನೀರು ಒಳಗೆ ಇಳಿಯಲ್ಲ ಅಂತ ಬರೆದಿರುತ್ತಾರೆ.

ಮಳೆಯಲ್ಲಿ ನೆನೆದು ಬಂದವಳು

ನಂಬಿ ಕೆಟ್ಟೆ. ಬಟ್ಟೆ ಮೇಲೆ ಡಿಡಬ್ಲ್ಯೂಆರ್ ಅನ್ನುವ ಲೇಪನ ಇರುತ್ತದೆ. ಕೆಸುವಿನ ಎಲೆ ಮೇಲಿನ ಹಾಗೆ ನೀರು ಮುತ್ತಾಗಿ ಉರುಳುತ್ತದೆ. ಹತ್ತು ನಿಮಿಷದ ತುಂತುರಿಗೆ ಸಾಕು. ಮಳೆ ಹಿಡಿದುಕೊಂಡರೆ ಹೊಲಿಗೆಯಿಂದ, ಜಿಪ್‌ನಿಂದ, ತೋಳುಗೂಡಿನಿಂದ ನೀರು ಇಳಿಯುತ್ತದೆ. ತೋಳಂತೂ ಮೊದಲೇ ಬಯಲಿಗೆ ಬಿದ್ದಿದೆ. ನನಗೆ ಹಾಗೆ ಒಂದು ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಬೆರಳು ಹಿಡಿದಂತೆಯೇ ನಿಂತಿತು, ಬಿಡಿಸಲು ಆಗಲಿಲ್ಲ. ಮಳೆ ಖಚಿತ ಅಂತ ಗೊತ್ತಿದ್ದ ದಿನ ಮಳೆ ಜಾಕೆಟ್ಟೇ ಬೇಕು. ಜಿಲೆಯನ್ನು ಅದರ ಬದಲಿಗೆ ಒಯ್ಯಬೇಡಿ.

ಬೆನ್ನಿನ ಜಾಲರಿ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಒದ್ದೆ ರಸ್ತೆಯಲ್ಲಿ ಮಡ್‌ಗಾರ್ಡ್ ಇಲ್ಲದ ಹಿಂದಿನ ಚಕ್ರ ಕೆಸರಿನ ಗೆರೆಯನ್ನು ನೇರ ಬೆನ್ನಿಗೇ ಬಿಡಿಸುತ್ತದೆ. ಜಾಲರಿ ಅದನ್ನು ಸೋಸದೆ ಒಳಗೆ ಬಿಡುತ್ತದೆ. ನಿಮ್ಮದು ಬಹುಪಾಲು ಒಣ ದಿನ, ಏರು ಜಾಸ್ತಿ. ಹಾಗಾದರೆ ಜಾಲರಿಯೇ ಇರಲಿ. ಇಲ್ಲದಿದ್ದರೆ ಪೂರ್ತಿ ಬೆನ್ನು.

ತೊಳೆಯುವಾಗ ಜಿಪ್ ಹಾಕಿ, ತಣ್ಣೀರಿನಲ್ಲಿ ಸ್ವಲ್ಪವೇ ಸೋಪು ಹಾಕಿ ತೊಳೆಯಿರಿ. ಘಮಘಮ ಅನ್ನಲಿ ಅಂತ ಸಾಫ್ಟ್‌ನರ್ ಹಾಕಿದಿರೋ, ಆ ಲೇಪನ ಕೆಲಸ ಮಾಡೋದು ನಿಲ್ಲಿಸುತ್ತದೆ. ನಾನು ಹಾಕಿದ್ದೆ.

ಬ್ರೆವೆ ಓಡಿಸುವವನು

ರಾತ್ರಿ ಸವಾರಿ ಇರುವವರಿಗೆ ಒಂದು ಮಾತು. ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 300 ಕಿ.ಮೀ. ಬ್ರೆವೆಗೆ 20 ಗಂಟೆ ಸಮಯ, ಅಂದರೆ ಕತ್ತಲು ತಪ್ಪಿದ್ದಲ್ಲ. ರಾತ್ರಿ ರಿಫ್ಲೆಕ್ಟಿವ್ ವೆಸ್ಟ್ ಕಡ್ಡಾಯ, ಅದು ಎಲ್ಲದರ ಮೇಲೆ ಬರುತ್ತದೆ. ಅದನ್ನೇ ಜಿಲೆ ಅಂದುಕೊಳ್ಳಬೇಡಿ. ಅದು ಕಾಣಿಸಲು ಮಾತ್ರ, ಗಾಳಿ ತಡೆಯಲ್ಲ. ನಾನು ಮೊದಲ ಸಲ ಒಂದೇ ಸಾಕು ಅಂತ ಜಿಲೆ ಮನೆಯಲ್ಲೇ ಬಿಟ್ಟು ಹೋದೆ. ಬೆಳಗಿನ ಜಾವ ನಾಲ್ಕಕ್ಕೆ ದಾರಿಯಲ್ಲಿ ಸಿಕ್ಕ ರಟ್ಟಿನ ಡಬ್ಬ ಹರಿದು ಎದೆಗೆ ಇಟ್ಟುಕೊಂಡೆ. ನ್ಯೂಸ್‌ಪೇಪರ್‌ನವರಿಗೆ ನಮಸ್ಕಾರ, ರಟ್ಟು ಇನ್ನೂ ಚೆನ್ನಾಗಿರುತ್ತದೆ.

ಕೇಳಿದವನು, ಮೂರು ವಾರದ ನಂತರ

ಜಾಲರಿ ಬೆನ್ನು, ಎರಡು ಎಳೆತದ ಜಿಪ್, ಹಳದಿ ಬಣ್ಣ. ತೂಕ ಹಾಕಿದೆ, 112 ಗ್ರಾಂ. ನಾಲ್ಕು ಸವಾರಿ ಆಯಿತು. ಏರಿನಲ್ಲಿ ಪೂರ್ತಿ ತೆರೆದು, ತುದಿಯಲ್ಲಿ ನಿಂತು ಮುಚ್ಚಿಕೊಂಡು ಇಳಿದರೆ ಎದೆಗೆ ಚಳಿಯೇ ಗೊತ್ತಾಗಲಿಲ್ಲ. ಒಂದೇ ತೊಂದರೆ, ಮರೆವು. ಮೂರನೇ ಸವಾರಿಯಲ್ಲಿ ತುದಿಯಲ್ಲಿ ಹರಟೆ ಹೊಡೆಯುತ್ತಾ ಹಾಗೇ ಇಳಿದೆ. ನಡುದಾರಿಯಲ್ಲಿ ಹಲ್ಲು ಕಟಕಟ ಅಂದಾಗ ನೆನಪಾಯಿತು, ಅಷ್ಟು ವೇಗದಲ್ಲಿ ಜಿಪ್ ಮುಟ್ಟುವ ಧೈರ್ಯ ಬರಲಿಲ್ಲ. ಈಗ ಹ್ಯಾಂಡಲ್ ನಡುವೆ ಒಂದು ಬಿಳಿ ಟೇಪ್ ಅಂಟಿಸಿ ಪೆನ್ನಲ್ಲಿ ‘ಜಿಪ್’ ಅಂತ ಬರೆದಿದ್ದೇನೆ.